ಬೀರುವಿನೊಳಗಿನ ತೋಟ

ನನ್ನ ಅಪ್ಪನಿಗೆ ಇದ್ದದ್ದು ಎರಡೇ ಆಸೆ. ಒಂದು, ನನ್ನ ಮದುವೆ. ಇನ್ನೊಂದು, ತೋಟ. ಮಲ್ಲೇಶ್ವರದ ಬಾಡಿಗೆ ಮನೆಯ ಹಿತ್ತಲಿನಲ್ಲಿ ಒಂದು ತುಳಸಿ, ಒಂದು ದೊಡ್ಡಪತ್ರೆ, ಕಾಯಿ ಬಿಡುವ ಮನಸ್ಸೇ ಇಲ್ಲದ ಒಂದು ಪರಂಗಿ ಗಿಡ ಇಟ್ಟುಕೊಂಡು ಇಡೀ ಸರ್ಕಾರಿ ನೌಕರಿ ಮುಗಿಸಿದವರು ಅವರು. ಯಾರಾದರೂ "ನಮ್ಮದೊಂದು ತೋಟ ಇದೆ" ಎಂದರೆ ಸಾಕು, ಕುರ್ಚಿ ಎಳೆದು ಹಾಕಿ ಕೂರಿಸುತ್ತಿದ್ದರು. ಎರಡು ಆಸೆಯೂ ಒಂದೇ ಏಟಿಗೆ ಕೈಗೂಡುವ ಹಾಗೆ ಕಂಡದ್ದು ತೊಂಬತ್ತರ ದಶಕದ ನಡುವಿನಲ್ಲಿ, ನನ್ನ ಸೋದರತ್ತೆಯ ಗಂಡ ಒಂದು ಸಂಜೆ ಫೋನ್ ಮಾಡಿದಾಗ.

ಈ ಸೋದರತ್ತೆಯ ಗಂಡ ನಮ್ಮ ಕುಲದ ಮದುವೆ ದಲ್ಲಾಳಿ. ಚಾಮರಾಜಪೇಟೆಯಲ್ಲೊಬ್ಬ ಹುಡುಗನಿದ್ದಾನೆ, ವಿಮಾ ಕಚೇರಿಯಲ್ಲಿ ಕೆಲಸ, ಗೋತ್ರ ನಕ್ಷತ್ರ ಎಲ್ಲ ಕೂಡುತ್ತದೆ ಎಂದು ಹೇಳಿ, ಕೊನೆಗೆ ದನಿ ತಗ್ಗಿಸಿದರಂತೆ. "ಒಂದು ವಿಷಯ ಮುಚ್ಚಿಡಬಾರ್ದು ನೋಡಿ. ಅವರ ಮನೇಲಿ ತೋಟಾ ಇದೆ."

"ಅದರಲ್ಲಿ ಮುಚ್ಚಿಡೋದೇನ್ ಬಂತು?" ಅಪ್ಪನ ಮುಖ ಊರಗಲವಾಯಿತು. "ಸಂತೋಷ. ಎಷ್ಟಿದೆ?"

"ಐವತ್ತಿರಬಹುದು."

ಐವತ್ತು ಎಕರೆ. ಅಪ್ಪ ಫೋನ್ ಇಟ್ಟು ಹಿತ್ತಲಿಗೆ ಹೋಗಿ ಪರಂಗಿ ಗಿಡದ ಕಡೆ ಒಮ್ಮೆ ನಿಕೃಷ್ಟವಾಗಿ ನೋಡಿ ಬಂದರು.

ನನಗಾಗ ಮೂವತ್ತಕ್ಕೆ ಹತ್ತಿರ. ಬಸವನಗುಡಿಯ ಹುಡುಗಿಯರ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದೆ. ಅದುವರೆಗೆ ನನ್ನನ್ನು ನೋಡಿ ಹೋದ ಗಂಡುಗಳೆಲ್ಲ ನಮ್ಮಮ್ಮನ ಕೇಸರಿಬಾತನ್ನು ಮೆಚ್ಚಿದ್ದರು, ನನ್ನನ್ನಲ್ಲ. ಹಾಡು ಬರುತ್ತದೆಯೇ ಎಂದು ಕೇಳುವರು. ಬರುವುದಿಲ್ಲ ಎಂದರೆ ಮತ್ತೇನು ಬರುತ್ತದೆ ಎಂದು ಕೇಳುವರು. ಫಿಸಿಕ್ಸ್ ಬರುತ್ತದೆ ಎಂದರೆ ಅದಕ್ಕೆ ನಗುವರು. ಒಬ್ಬ ಮಹಾನುಭಾವ ಮಾತ್ರ ಮನೆಯ ಫ್ಯೂಸ್ ಹಾಕಲು ಬರುತ್ತದೆಯೇ ಎಂದು ವಿಚಾರಿಸಿದ್ದ. ಅವನೇ ವಾಸಿ ಎನಿಸಿತ್ತು ನನಗೆ.

ಚಾಮರಾಜಪೇಟೆಯವರು ಒಂದು ಭಾನುವಾರ ಬಂದರು. ಹುಡುಗ, ಅವನ ತಂದೆ, ತಾಯಿ, ಮೂವರೇ. ತಂದೆ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಎತ್ತರದ ಆಳು, ಗಂಟಲು ದೊಡ್ಡದು. ತಾಯಿ ಬಂದವರೇ ನಮ್ಮ ಅಡುಗೆಮನೆಗೆ ಕಾಲಿಟ್ಟು, ಅಮ್ಮ ಅಂದು ಈರುಳ್ಳಿ ಹಾಕಿಲ್ಲ ಎಂಬುದನ್ನು ಮೂಗಿನಿಂದಲೇ ಖಾತ್ರಿ ಮಾಡಿಕೊಂಡು ಹೊರಗೆ ಬಂದರು. ನಾನು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಕುಶಲ ಕೇಳುವ ಶಾಸ್ತ್ರವನ್ನೂ ಪೂರ್ತಿ ಮಾಡದೆ ವಿಷಯಕ್ಕೇ ಬಂದರು.

"ತೋಟ ಎಲ್ಲಿ ಬರತ್ತೆ ಸ್ವಾಮಿ?"

"ಮನೇಲೇ. ಬೀರೂಲಿಟ್ಟು ಬೀಗ ಹಾಕಿದೀವಿ," ಎಂದರು ಹುಡುಗನ ತಂದೆ.

ಪತ್ರಗಳ ಮಾತು ಹೇಳುತ್ತಿದ್ದಾರೆ ಎಂದುಕೊಂಡರು ಅಪ್ಪ. "ಒಳ್ಳೇದು, ಒಳ್ಳೇದು. ಭದ್ರವಾಗಿರಬೇಕು. ನೀರಿಗೇನು ವ್ಯವಸ್ಥೆ?"

"ಅಯ್ಯೋ, ನೀರು ಸೋಕಿಸೋ ಹಾಗೇ ಇಲ್ಲ. ಮಳೆಗಾಲ ಬಂದ್ರೆ ನನಗೆ ಅದೇ ಚಿಂತೆ."

"ಮತ್ತೆ ಮದ್ದುಗಿದ್ದು ಹೊಡಿಸ್ತೀರೋ?"

"ಮದ್ದು ಒಳಗೇ ತುಂಬಿ ಬರತ್ತಲ್ಲ."

ಯಾವುದೋ ಹೊಸ ತಳಿ ಇರಬೇಕು ಎನಿಸಿತೇನೋ ಅಪ್ಪನಿಗೆ. "ಫಲ ಹೇಗೆ?"

"ಎಲ್ಲಾ ಹಳೇದಾಗ್ಹೋಯ್ತು. ಐವತ್ತರಲ್ಲಿ ಹತ್ತು ಹಾರಿದ್ರೆ ಹೆಚ್ಚು."

"ಹಾರಿದ್ರೆ?" ಎಂದರು ಅಪ್ಪ.

ಅಷ್ಟರಲ್ಲಿ ಹುಡುಗ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ. "ಸಾರ್, ಇದು ಗಿಡದ ತೋಟ ಅಲ್ಲ. ಕೋವಿ ತೋಟಾ."

ಕೋವಿ ಹಿಡಿಯದ ಪುಣ್ಯವಂತರಿಗಾಗಿ ಹೇಳುತ್ತೇನೆ. ತೋಟಾ ಎಂದರೆ ಬೆರಳುದ್ದದ ಒಂದು ಹಿತ್ತಾಳೆ ಕೊಳವೆ. ತಳದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆದರೆ ಕೇಪು ಸಿಡಿದು, ಮದ್ದು ಹೊತ್ತಿ, ಗುಂಡು ಹಾರುತ್ತದೆ. ಅಪ್ಪ ಐವತ್ತು ಎಕರೆಯಿಂದ ಐವತ್ತು ಹಿತ್ತಾಳೆ ಕೊಳವೆಗೆ ಇಳಿದುಬಂದದ್ದನ್ನು ನಾನು ಕಣ್ಣಾರೆ ಕಂಡೆ. ನನಗೆ ನಗು ತಡೆಯಲಾಗಲಿಲ್ಲ. ತಟ್ಟೆ ಅಲುಗಿ ಉಪ್ಪಿಟ್ಟಿನ ಮೇಲಿದ್ದ ಗೋಡಂಬಿ ಉರುಳಿತು. ಹುಡುಗನೂ ನಕ್ಕ. ಬೇರೆ ಯಾರೂ ನಗಲಿಲ್ಲ. ಕೊನೆಗೆ ಅಮ್ಮನೇ ಚೇತರಿಸಿಕೊಂಡು, "ಇನ್ನೊಂದ್ ಚೂರು ಕೇಸರಿಬಾತ್ ಹಾಕಿಸ್ಕೊಳಿ," ಎಂದರು.

ಸಂಬಂಧ ಮುರಿದಂತೆಯೇ ಆದರೂ ಶಾಸ್ತ್ರ ಬಿಡಬಾರದಲ್ಲ, ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ನಮ್ಮಿಬ್ಬರನ್ನು ತಾರಸಿಗೆ ಅಟ್ಟಿದರು. ಅಲ್ಲಿ ಅಮ್ಮನ ಅರಳು ಸಂಡಿಗೆ ಒಣಗುತ್ತಿತ್ತು. ನಾನೇ ಕೇಳಿದೆ. "ಐವತ್ತು ತೋಟಾ ಇಟ್ಕೊಂಡು ಏನ್ ಮಾಡ್ತೀರ?"

"ರಟ್ಟಿಗೆ ಹೊಡೀತೀನಿ," ಎಂದ.

"ರಟ್ಟಿಗಾ?"

"ಮುನ್ನೂರು ಮೀಟರ್ ದೂರದ ರಟ್ಟಿಗೆ." ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದ. ಬೇಟೆ ನಿಷೇಧವಾಗಿ ಇಪ್ಪತ್ತು ವರ್ಷ ದಾಟಿತ್ತು. ಊರಿನ ರೈಫಲ್ ಕ್ಲಬ್ಬಿನಲ್ಲಿ ಹೊಡೆಯುವುದಕ್ಕೆ ರಟ್ಟು ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಆಮೇಲೆ ಅವನು ಮನೆಯ ಜಗಳವನ್ನು ಬಿಚ್ಚಿದ. ತಂದೆಯ ಹಳೆಯ ಕೋವಿಯ ನಳಿಗೆ ಸವೆದುಹೋಗಿತ್ತು. ಹೊಸದೊಂದನ್ನು ಕೊಳ್ಳಲು ಅನುಮತಿ ಬಂದಿತ್ತು. ಕೋವಿ ಕೊಳ್ಳುವವರು ಮೊದಲು ಆರಿಸುವುದು ಕೋವಿಯನ್ನಲ್ಲ, ತೋಟಾವನ್ನು. ತೋಟಾ ಯಾವುದೆಂದು ತೀರ್ಮಾನವಾದ ಮೇಲೆ ಕೋವಿ ತಾನಾಗಿ ಹಿಂದೆ ಬರುತ್ತದೆ. ಮಗನಿಗೆ ಥರ್ಟಿ ನಾಟ್ ಸಿಕ್ಸ್ ಬೇಕು. ಸಣ್ಣ ಗುಂಡು, ವೇಗ ಹೆಚ್ಚು, ದೂರದವರೆಗೆ ಹೆಚ್ಚು ಬಾಗದೆ ಹೋಗುತ್ತದೆ, ಭುಜಕ್ಕೆ ಒದೆತ ಕಡಿಮೆ. ತಂದೆಗೆ ತ್ರೀ ಸೆವೆಂಟಿ ಫೈವ್ ಬೇಕು. ದಪ್ಪ ಗುಂಡು, ಭಾರ ಹೆಚ್ಚು, ಕಾಡುಕೋಣದಂಥ ಪ್ರಾಣಿಯ ಮೂಳೆಯನ್ನೂ ಸೀಳಿಕೊಂಡು ಒಳಗೆ ಹೋಗುತ್ತದೆ. ಕಾಡುಕೋಣ ಚಾಮರಾಜಪೇಟೆಗೆ ಬರುವ ಸಂಭವ ಇದೆಯೇ ಎಂದರೆ ಇಲ್ಲ. ಆದರೂ ವರ್ಷದಿಂದ ತಂದೆ ಮಗ ಇದೇ ವಿಷಯಕ್ಕೆ ಮುಖ ತಿರುಗಿಸಿಕೊಂಡು ಊಟ ಮಾಡುತ್ತಿದ್ದರಂತೆ.

"ನೀವು ಫಿಸಿಕ್ಸ್ ಅಲ್ವಾ?" ಎಂದ ಅವನು. "ಭಾರದ ಗುಂಡು ಬೇಗ ನೆಲಕ್ಕೆ ಬೀಳತ್ತೋ, ಹಗುರದ್ದೋ?"

ನಾನು ಒಂದು ಇದ್ದಿಲು ಚೂರು ತೆಗೆದುಕೊಂಡು ತಾರಸಿಯ ಗೋಡೆಯ ಮೇಲೆ ಗೆರೆ ಎಳೆದೆ. ಎರಡೂ ಒಂದೇ ಹೊತ್ತಿಗೆ ಬೀಳುತ್ತವೆ, ಗುಂಡು ಗುರಿ ಮುಟ್ಟಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎನ್ನುವುದೇ ಮುಖ್ಯ, ಹೊತ್ತು ಹೆಚ್ಚಾದಷ್ಟೂ ಬೀಳುವುದು ಹೆಚ್ಚು, ಆಮೇಲೆ ಗಾಳಿ ಬೇರೆ ಪಕ್ಕಕ್ಕೆ ತಳ್ಳುತ್ತದೆ ಎಂದೆಲ್ಲ ವಿವರಿಸಿದೆ. ಅವನು ಗೆರೆಯನ್ನೇ ನೋಡುತ್ತ ನಿಂತ. ಆಮೇಲೆ, "ಇನ್ನೊಂದ್ಸಲ ಹೇಳ್ತೀರಾ? ನಂಗೆ ಅರ್ಥ ಆಗ್ಲಿಲ್ಲ," ಎಂದ.

ಅರ್ಥವಾಗಲಿಲ್ಲ ಎಂದು ನನ್ನ ಮುಂದೆ ಒಪ್ಪಿಕೊಂಡ ಮೊದಲ ಗಂಡಸು ಅವನು. ಕಾಲೇಜಿನ ಸಹೋದ್ಯೋಗಿಗಳಿಂದ ಹಿಡಿದು ಗ್ಯಾಸ್ ಸಿಲಿಂಡರ್ ತರುವವನವರೆಗೆ ಎಲ್ಲರೂ ನನಗೇ ತಿಳಿಹೇಳುವವರು. ನಾನು ಇನ್ನೊಂದು ಸಲ ಹೇಳಿದೆ. ಆಗ ಅವನ ಮುಖದಲ್ಲಿ ವಿಷಯ ಬೆಳಗಿದ್ದು ಕಾಣಿಸಿತು. ಆಗಲೇ ಇವನನ್ನೇ ಮದುವೆಯಾಗುತ್ತೇನೆ ಎಂದು ನಿಶ್ಚಯಿಸಿಬಿಟ್ಟೆ. ಮಾತಿನ ಭರದಲ್ಲಿ ಇಬ್ಬರೂ ಸಂಡಿಗೆ ತುಳಿದಿದ್ದೆವು.

ಅಪ್ಪ ಒಲ್ಲೆ ಎಂದರು. ತೋಟ ಹೋದ ದುಃಖ ಎರಡು ದಿನದಲ್ಲಿ ಆರಿತ್ತು. ಅವರನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಚಾಮರಾಜಪೇಟೆಯ ಹಳೆಯ ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿದಾಗ, "ಅವರಾ? ದೊಡ್ಡ ಬೇಟೆಗಾರರು. ಆ ಕಾಲದಲ್ಲಿ ಕಾಡುಕೋಣ ಹೊಡೆದೋರು. ಅವರ ಬಾಯಲ್ಲೇ ಕೇಳಬೇಕು ನೀವು," ಎಂದಿದ್ದರಂತೆ.

ಇಲ್ಲಿ ಒಂದು ಬೆಕ್ಕಿನ ಕಥೆ ಹೇಳಬೇಕು. ನಾನು ಹುಟ್ಟುವ ಮೊದಲು ಅಪ್ಪನ ಸೈಕಲ್ಲಿಗೆ ಸಂಪಿಗೆ ರಸ್ತೆಯಲ್ಲಿ ಒಂದು ಬೆಕ್ಕು ಸಿಕ್ಕಿ ಸತ್ತಿತ್ತು. ಬೆಕ್ಕು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬುದು ಎಲ್ಲರಿಗೂ ಗೊತ್ತು. ಗುಮಾಸ್ತೆಯ ಸಂಬಳದಲ್ಲಿ ಎಲ್ಲಿಯ ಚಿನ್ನ? ಅಪ್ಪ ಸುಮ್ಮನಾದರು. ಆಮೇಲೆ ಅಮ್ಮನಿಗೆ ಹುಟ್ಟಿದ ಎರಡು ಕೂಸುಗಳೂ ತಿಂಗಳು ತುಂಬುವುದರೊಳಗೆ ಹೋದವು. ಅಪ್ಪ ಓಡಿಹೋಗಿ ಕಡಲೆಕಾಯಿ ಗಾತ್ರದ ಒಂದು ಬೆಳ್ಳಿ ಬೆಕ್ಕು ಮಾಡಿಸಿ, ಅದಕ್ಕೆ ಚಿನ್ನದ ನೀರು ಹಾಕಿಸಿ, ಪುರೋಹಿತರ ಕೈಯಲ್ಲಿಟ್ಟು ಅಡ್ಡಬಿದ್ದರು. ಮುಂದೆ ನಾನು ಹುಟ್ಟಿದೆ, ಉಳಿದೆ. ಹೀಗಾಗಿ ನಮ್ಮ ಮನೆಯ ಲೆಕ್ಕದಲ್ಲಿ ನಾನು ಒಂದು ಬೆಕ್ಕಿನ ಪ್ರಸಾದ.

"ಒಂದು ಬೆಕ್ಕಿಗೆ ನನ್ನ ಎರಡು ಮಕ್ಕಳು ಹೋದ್ವು," ಎಂದರು ಅಪ್ಪ. "ಕಾಡುಕೋಣ ಹೊಡೆದೋರ ಮನೆಗೆ ಕೊಟ್ಟರೆ ನಿನ್ನ ಮಕ್ಕಳ ಗತಿ ಏನು?"

ಇದು ವಿಜ್ಞಾನ ಅಲ್ಲ ಎಂದು ನಾನು ಕೂಗಾಡಿದೆ. ಅಪ್ಪ ಕೂಗಾಡಲಿಲ್ಲ. ಅವರು ಹೆದರಿದ್ದರು, ಅಷ್ಟೇ. ಸಿಟ್ಟಿನಲ್ಲಿದ್ದವರ ಜೊತೆ ವಾದ ಮಾಡಬಹುದು, ಹೆದರಿದವರ ಜೊತೆ ಏನು ಮಾಡುವುದು? ಇವನಲ್ಲದಿದ್ದರೆ ಯಾರೂ ಬೇಡ, ಇನ್ನು ಮೇಲೆ ಕೇಸರಿಬಾತ್ ಕಲಕಬೇಡಿ ಎಂದು ಅಮ್ಮನಿಗೆ ಹೇಳಿದೆ. ಅಪ್ಪ ನಾನು ಮಾತು ಬಿಟ್ಟೆವು. "ನಿಮ್ಮಪ್ಪ ಸಾರಿಗೆ ಉಪ್ಪು ಹಾಕಿದ್ಯಾ ಅಂತ ಕೇಳ್ತಿದಾರೆ ಕಣೆ" ಎಂದು ಅಮ್ಮ ಒಂದೇ ಕೋಣೆಯಲ್ಲಿ ದೂತರ ಕೆಲಸ ಮಾಡುತ್ತಿದ್ದರು. ನನಗೆ ಒಳಗೊಳಗೆ ಬಹಳ ದುಃಖವಾಗುತ್ತಿತ್ತು. ಅಪ್ಪನನ್ನು ಬಿಟ್ಟು ಓಡಿಹೋಗಿ ಮದುವೆಯಾಗುವ ಧೈರ್ಯ ನನಗಿರಲಿಲ್ಲ, ಆ ಹುಡುಗನನ್ನು ಬಿಡುವ ಮನಸ್ಸೂ ಇರಲಿಲ್ಲ.

ಹುಡುಗ ಒಂದು ಸಂಜೆ ಕಾಲೇಜಿನ ಹತ್ತಿರ ಬಂದ. ಗುಂಡು ಬೀಳುವ ಲೆಕ್ಕ ಮತ್ತೆ ಮರೆತುಹೋಯಿತು ಎಂಬ ನೆವ. ಗಾಂಧಿಬಜಾರಿನಲ್ಲಿ ಬೈ-ಟೂ ಕಾಫಿ ಕುಡಿಯುತ್ತ ನಾನು ಬೆಳ್ಳಿ ಬೆಕ್ಕಿನ ಕಥೆಯನ್ನೆಲ್ಲ ಹೇಳಿ ಅತ್ತುಬಿಟ್ಟೆ. ಪಕ್ಕದ ಮೇಜಿನವರು ಇವನೇನೋ ಕೈಕೊಟ್ಟಿದ್ದಾನೆ ಎಂದು ಅವನನ್ನು ದುರುಗುಟ್ಟಿ ನೋಡಿದರು. ಅವನು ಮನೆಗೆ ಹೋಗಿ ತಂದೆಗೆ ಹೇಳಿದ.

ಮುಂದಿನ ಭಾನುವಾರ ಆ ಮೂವರೂ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಹುಡುಗನ ತಂದೆ ಕುಳಿತವರೇ ಮಾತು ತೆಗೆದರು.

"ನಾನು ಬೇಟೆಗಾರ ಅಂತ ಯಾರೋ ನಿಮಗೆ ಹೇಳಿದಾರಂತೆ."

"ನೀವೇ ಹೇಳ್ಕೊಂಡಿದೀರಂತಲ್ಲ," ಎಂದರು ಅಪ್ಪ.

"ಹೇಳ್ಕೊಂಡಿದೀನಿ. ಬಾಯಿಗೆ ಲೈಸೆನ್ಸ್ ಬೇಕಾ ಸ್ವಾಮಿ? ಕಾಲುವೆ ಕೆಲಸಕ್ಕೆ ಅಂತ ಕಾಡಲ್ಲಿ ಕ್ಯಾಂಪ್ ಹಾಕಿದ್ದೆ. ಕೋವಿ ಇತ್ತು. ಗುಂಡು ಹಾರಿಸ್ದೆ. ಒಂದೂ ತಗುಲಲಿಲ್ಲ. ಊರಿಗೆ ಬಂದ್ಮೇಲೆ ತಗುಲ್ತು ಅಂತ ಹೇಳ್ದೆ. ಯಾರು ಬಂದು ನೋಡ್ತಾರೆ?"

"ಒಂದೂ ತಗುಲಲಿಲ್ವಾ?"

"ಒಂದು ಇಲೀಗೂ ಇಲ್ಲ."

ಅಪ್ಪ ಅವರ ಮುಖವನ್ನೇ ನೋಡಿದರು. ಕೊಂಬು, ಚರ್ಮ, ಫೋಟೋ ಯಾವುದೂ ಆ ಮನೆಯಲ್ಲಿಲ್ಲ ಎಂಬುದನ್ನು ಅವರು ಆಗಲೇ ವಿಚಾರಿಸಿದ್ದರು. ಆದರೂ ಎರಡು ಕೂಸು ಕಳೆದುಕೊಂಡ ಜೀವ. "ದೇವರ ದೀಪ ಮುಟ್ಟಿ ಹೇಳ್ತೀರಾ?" ಎಂದರು. ಬೀಗರಾಗಬೇಕಾದವರನ್ನು ಯಾರೂ ಕೇಳಬಾರದ ಮಾತು ಅದು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅವರು ಎದ್ದು, ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದು, ದೇವರ ಮನೆಯ ಹೊಸ್ತಿಲಲ್ಲಿ ಬಗ್ಗಿ, ದೀಪದ ಕಂಬ ಮುಟ್ಟಿದರು. "ನನ್ನ ಕೈಯಿಂದ ಒಂದು ಪ್ರಾಣಿಯೂ ಸತ್ತಿಲ್ಲ," ಎಂದರು. ದೊಡ್ಡ ಗಂಟಲಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಅವರ ಹೆಂಡತಿ ಪಕ್ಕದಲ್ಲೇ ನಿಂತಿದ್ದರು. ದೀಪದ ಬತ್ತಿ ಸ್ವಲ್ಪ ಮುಂದಕ್ಕೆ ಸರಿಸಿ ಸುಮ್ಮನೆ ಹಿಂದೆ ಬಂದರು. ಹುಡುಗನ ಮುಖ ಮಾತ್ರ ಕಪ್ಪಿಟ್ಟಿತ್ತು. ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದ ತನ್ನ ಅಪ್ಪನ ಸಾಹಸವೆಲ್ಲ ಬೂಸಿ ಎಂದು ಅವನಿಗೆ ಗೊತ್ತಾದದ್ದು ಮಾವನ ಮನೆಯ ದೇವರ ಮುಂದೆ.

ನನ್ನಪ್ಪ ಹಗುರಾಗಿಬಿಟ್ಟರು. ಆ ಕ್ಷಣದಿಂದ ಬೀಗರ ಮೇಲೆ ಅವರಿಗೆ ವಿಪರೀತ ಪ್ರೀತಿ. "ಪಾಪ, ಬಾಯಿ ದೊಡ್ಡದು, ಮನಸ್ಸು ಹಸು" ಎಂದು ಬಂಧುಗಳಿಗೆಲ್ಲ ಸುದ್ದಿ ಹಂಚಿದರು. ಸೋದರತ್ತೆಯ ಗಂಡ ಅದನ್ನು ಮಲ್ಲೇಶ್ವರದಿಂದ ಚಾಮರಾಜಪೇಟೆಗೆ ಬಸ್ ಹೋಗುವುದಕ್ಕೆ ಮುಂಚೆ ತಲುಪಿಸಿದರು. ಮದುವೆಯಲ್ಲಿ ಬೀಗರನ್ನು ಆಡಿಕೊಳ್ಳುವ ಹಾಡಿನ ಹೊತ್ತಿಗೆ ನಮ್ಮ ಕಡೆಯ ಸೋದರತ್ತೆಯರು ಹೊಸ ಪದವನ್ನೇ ಕಟ್ಟಿದ್ದರು.

"ಕೋವಿ ಹಿಡಿದ ಬೀಗರಂತೆ, ಇಲಿಗೆ ಕೈಯ ಮುಗಿದರಂತೆ."

ಛತ್ರವಿಡೀ ನಕ್ಕಿತು. ಮಾವನವರು, ಇನ್ನು ಹಾಗೆ ಕರೆಯಬಹುದು, ಎಲೆಯ ಮುಂದೆ ಕುಳಿತು ಎಲ್ಲರಿಗಿಂತ ಜೋರಾಗಿ ನಕ್ಕರು.

ನಾನು ಚಾಮರಾಜಪೇಟೆಗೆ ಬಂದ ಮೇಲೂ ತೋಟಾ ತೀರ್ಮಾನವಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಮಾವನವರ ಗೆಳೆಯರೊಬ್ಬರು ಬರುವರು. ಬ್ಯಾಂಕಿನಿಂದ ನಿವೃತ್ತರಾದವರು, ರೈಫಲ್ ಕ್ಲಬ್ಬಿನ ಹಳೆಯ ಸದಸ್ಯರು, ಅವೆನ್ಯೂ ರಸ್ತೆಯಲ್ಲಿ ತೂಕಕ್ಕೆ ಸಿಗುವ ಪರದೇಶದ ಬೇಟೆ ಪತ್ರಿಕೆಗಳನ್ನು ಹೊತ್ತು ತರುವವರು. ಒಂದು ಬೂದುಗುಂಬಳಕಾಯಿ ಒಡೆಯುವುದಕ್ಕೂ ಪಕ್ಕದ ಮನೆಯವರನ್ನು ಕರೆಯುವ ಈ ಗಂಡಸರು, ಆನೆಯ ಹಣೆಗೆ ಎಷ್ಟು ಭಾರದ ಗುಂಡು ಬೇಕೆಂದು ಮೂರು ಸುತ್ತು ಕಾಫಿ ಕುಡಿಯುವವರೆಗೆ ಹೊಡೆದಾಡುವರು. ಒಂದು ಭಾನುವಾರ ನನ್ನನ್ನೂ ಕರೆದರು. ನಾನು ಜಗಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ತೋಟಾಗಳ ಜಾತಕ ಬರೆದೆ. ಭಾರ, ವೇಗ, ಮುನ್ನೂರು ಮೀಟರಿಗೆ ಎಷ್ಟು ಬೀಳುತ್ತದೆ, ಗಾಳಿಗೆ ಎಷ್ಟು ಸರಿಯುತ್ತದೆ, ಭುಜಕ್ಕೆ ಎಷ್ಟು ಒದೆಯುತ್ತದೆ. ದೂರದ ಗುರಿಗೆ ಮಗನ ತೋಟಾವೇ ಸರಿ ಎಂದು ಷರಾ ಬರೆದೆ.

"ರಟ್ಟಿಗೆ ನಿನ್ನ ಲೆಕ್ಕ ಸರಿ ಕಣಮ್ಮ," ಎಂದರು ಮಾವನವರು. "ಆದ್ರೆ ಪ್ರಾಣಿ ರಟ್ಟಲ್ಲ. ದೂರದಿಂದ ಸಣ್ಣ ಗುಂಡು ಹೊಡೆದ್ರೆ ಅದು ಬೀಳಲ್ಲ. ನೆಟ್ಟಗೆ ನಿಂತ್ಕೊಂಡು ನಿನ್ನ ಕಡೆ ನೋಡತ್ತೆ. ಆಮೇಲೆ..."

"ಪ್ರಾಣಿ ವಿಷಯ ನೀವು ಬಿಡಿ ಸಾರ್," ಎಂದರು ಬ್ಯಾಂಕಿನವರು. "ಇಲಿ ಬಂದ್ರೆ ನಿಮ್ಮನ್ನ ಕೇಳ್ತೀವಿ."

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕ, ಸ್ವಲ್ಪ ಕಹಿಯಾಗಿಯೇ. ಲೆಕ್ಕದಲ್ಲಿ ಗೆದ್ದ ಹುರುಪಿನಲ್ಲಿ ನಾನೂ ನಕ್ಕೆ. ಮಾವನವರು ಸೀಮೆಸುಣ್ಣದ ಗೆರೆ ನೋಡುತ್ತ, "ಹೌದಪ್ಪ, ನಂಗೇನ್ ಗೊತ್ತು. ಬೀಳಲ್ವಂತೆ, ಅಷ್ಟೇ," ಎಂದರು. ಥರ್ಟಿ ನಾಟ್ ಸಿಕ್ಸ್ ಮನೆಗೆ ಬಂತು.

ಅಂದಿನಿಂದ ಅವರ ಮಾತಿಗೆ ಒಂದು "ಅಂತೆ" ಅಂಟಿಕೊಂಡಿತು. ಮೊದಲು ಕಾಡುಕೋಣ ಹೀಗೆ ಮಾಡತ್ತೆ ಎನ್ನುತ್ತಿದ್ದವರು ಈಗ ಹೀಗೆ ಮಾಡತ್ತಂತೆ ಎನ್ನುವರು. ಗಾಯವಾದ ಪ್ರಾಣಿ ನೀರಿನ ಕಡೆ ಹೋಗತ್ತಂತೆ. ರಕ್ತ ನೊರೆನೊರೆಯಾಗಿದ್ರೆ ಶ್ವಾಸಕೋಶಕ್ಕೆ ತಗುಲಿದೆ ಅಂತಂತೆ. ಎಲ್ಲಿ ಓದಿಕೊಂಡು ಹೇಳ್ತಾರೋ ಎಂದು ನಾವು ಗಂಡ ಹೆಂಡತಿ ಅಡುಗೆಮನೆಯಲ್ಲಿ ಹಾಸ್ಯ ಮಾಡಿಕೊಳ್ಳುತ್ತಿದ್ದೆವು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮಗಳು ಶಾಲೆಗೆ ಹೋಗುತ್ತಿದ್ದಳು. ಅಮ್ಮ ತೀರಿಕೊಂಡಿದ್ದರು. ಅಪ್ಪ ಒಂಟಿಯಾಗಿ ಇರಬೇಕಾಗಿಲ್ಲ ಎಂದು ಮಾವನವರೇ ಹೋಗಿ, ಹಾಸಿಗೆ ಪೆಟ್ಟಿಗೆ ಸಮೇತ ಅವರನ್ನು ನಮ್ಮ ಮನೆಗೆ ಕರೆತಂದಿದ್ದರು. ಒಂದು ದಿನ ಮಗಳು ಮಂಡಿ ತರಚಿಕೊಂಡು ಬಂದಳು. ಯೂನಿಫಾರ್ಮಿಗೆ ರಕ್ತ. ನಾನು ಅದನ್ನು ಬಿಸಿನೀರಿಗೆ ಹಾಕಹೊರಟಾಗ ಅತ್ತೆ ಕೈ ಹಿಡಿದರು.

"ರಕ್ತಕ್ಕೆ ಬಿಸಿನೀರು ಹಾಕ್ತಾರೇನೆ? ಕಲೆ ಕೂತ್ಬಿಡತ್ತೆ. ತಣ್ಣೀರು, ಉಪ್ಪು. ಇಷ್ಟೂ ಗೊತ್ತಿಲ್ವಾ?"

"ಹೆಂಗಸರಿಗೆ ಗೊತ್ತಿಲ್ದೆ ಇರತ್ತಾ, ಅವಸರದಲ್ಲಿ ಮರೆತೆ," ಎಂದೆ.

"ನಮ್ಮದಲ್ಲ ಕಣೆ ನಾ ಹೇಳಿದ್ದು. ಅವರದ್ದು. ಖಾಕಿ ಷರ್ಟು, ಖಾಕಿ ಚಡ್ಡಿ. ಬಕೆಟ್ಟುಗಟ್ಟಲೆ ಒಗೆದಿದೀನಿ." ಅತ್ತೆ ಯೂನಿಫಾರ್ಮನ್ನು ಉಪ್ಪು ನೀರಿನಲ್ಲಿ ಅದ್ದುತ್ತ ಏನೂ ವಿಶೇಷವಿಲ್ಲದವರ ಹಾಗೆ ಹೇಳಿದರು. "ಅವರ ಗುಂಡು ತಪ್ಪಿದ್ದೇ ಇಲ್ಲ. ಹೊಡೆದದ್ದು ಕ್ಯಾಂಪಿನ ಕೂಲಿಯೋರು ತಿನ್ನೋರು. ನಾನು ಒಂದು ಕೊಂಬನ್ನೂ ಒಳಗೆ ಬಿಟ್ಕೊಳ್ಲಿಲ್ಲ."

ನಾನು ಬಚ್ಚಲ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮಿಕ್ಕದ್ದನ್ನೂ ಅವರೇ ಹೇಳಿದರು. ಒಮ್ಮೆ ಮಾವನವರು ಸಣ್ಣ ಗುಂಡಿನ ಕೋವಿಯಲ್ಲಿ, ದೂರದಿಂದ, ಒಂದು ಕಾಡುಕೋಣಕ್ಕೆ ಹೊಡೆದರು. ತಗುಲಿತು, ಬೀಳಲಿಲ್ಲ. ಹೊಟ್ಟೆಯಲ್ಲಿ ಗುಂಡು ಇಟ್ಟುಕೊಂಡು ಇಡೀ ದಿನ ನಡೆಯಿತು. ಇವರು ಅದರ ಹಿಂದೆ ನಡೆದರು. ಸಂಜೆ ಹಳ್ಳದಲ್ಲಿ ಅದು ಕುಸಿದಾಗ ಹತ್ತಿರ ಹೋಗಿ ಮುಗಿಸಿ, ಮೈಯೆಲ್ಲ ರಕ್ತ ಮಾಡಿಕೊಂಡು ಬಂದು, ಗುಡಾರದ ಬಾಗಿಲಲ್ಲಿ ಕೂತು ಮಗುವಿನ ಹಾಗೆ ಅತ್ತರು.

"ಅವತ್ತು ಶುರುವಾಯ್ತು ನೋಡು, ದಪ್ಪ ಗುಂಡು, ದಪ್ಪ ಗುಂಡು ಅನ್ನೋದು. ಹೊಡೆದ್ರೆ ಅದಕ್ಕೆ ಗೊತ್ತಾಗೋದ್ರೊಳಗೆ ಹೋಗ್ಬಿಡ್ಬೇಕು ಅಂತ."

"ಮತ್ತೆ ದೀಪ ಮುಟ್ಟಿದ್ದು?" ಎಂದೆ.

"ನಿಂಗೋಸ್ಕರ ಮುಟ್ಟಿದ್ರು. ನಿಂಗೂ ಅವನಿಗೂ ಹೇಳ್ಬೇಡ ಅಂದಿದ್ರು." ಅವನು ಎಂದರೆ ನನ್ನ ಗಂಡ. "ನಾನು ಯಾಕೆ ಹೇಳ್ದೆನೋ ಈಗ. ವಯಸ್ಸಾಯ್ತು."

ಆ ವಾರವೆಲ್ಲ ನನಗೆ ಮಾವನವರ ಮುಖ ನೋಡಲಾಗಲಿಲ್ಲ. ಕೆಂಪು ನೆಲದ ಮೇಲೆ ಸೀಮೆಸುಣ್ಣ ಹಿಡಿದು ನಾನು ಯಾರಿಗೆ ಏನು ಕಲಿಸಹೊರಟಿದ್ದೆ ಎಂದು ನೆನೆದರೆ ಮೈ ಬಿಸಿಯಾಗುತ್ತಿತ್ತು. ಮದುವೆಯ ಹಾಡಿನಿಂದ ಹಿಡಿದು ಇಷ್ಟು ವರ್ಷದ ನಗೆಯನ್ನೆಲ್ಲ ಆ ಮನುಷ್ಯ ಕುಡಿದು ಕೂತಿದ್ದರು, ಹೆತ್ತ ಮಗನ ಕಣ್ಣಲ್ಲೂ ಬೂಸಿಗಾರನಾಗಿ.

ಭಾನುವಾರ ಬ್ಯಾಂಕಿನವರು ಹೊಸ ಪತ್ರಿಕೆ ತಂದರು. ಈಗಿನ ಕಾಲದ ತೋಟಾ ಬಹಳ ಸಣ್ಣದು, ಬಹಳ ವೇಗ, ಸಾವಿರ ಗಜ ದೂರದಿಂದ ಕುದುರೆ ಗಾತ್ರದ ಜಿಂಕೆಯನ್ನು ಕೆಡವಬಹುದು ಎಂದು ಓದಿ ಹೇಳಿದರು. ಮಾವನವರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದರು.

"ಸಾವಿರ ಗಜದಿಂದ ಯಾಕಯ್ಯ? ಅಷ್ಟು ದೂರದಿಂದ ಗಾಯ ಆದ್ರೆ ಹೋಗಿ ಹುಡುಕೋರು ಯಾರು? ಬಹಳ ನರಳತ್ತಂತೆ."

"ನೀವು ಹೋಗಿ ಹುಡುಕಿದ್ರಾ?" ಎಂದರು ಬ್ಯಾಂಕಿನವರು. "ಸೊಳ್ಳೆ ಹೊಡೆದ ಅನುಭವ ಇದ್ರೆ ಹೇಳಿ ಸಾರ್, ಬರ್ಕೋತೀನಿ."

ನನ್ನ ಗಂಡ ನಕ್ಕ. ನಾನು ಕಾಫಿ ಲೋಟಗಳ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಸಾಕು ಎನಿಸಿತು. "ನೋಡಿ, ನಮ್ಮ ಮಾವನವರು..." ಎಂದು ದನಿ ಎತ್ತಿದೆ.

ಮಾವನವರು ನನ್ನ ಕಡೆ ತಿರುಗಿದರು. ಅತ್ತೆ ಹೇಳಿದ್ದಾರೆ ಎಂದು ಅವರಿಗೆ ಅಷ್ಟರಲ್ಲೇ ತಿಳಿದುಹೋಯಿತು. ಒಳಗಿನ ಕೋಣೆಯಲ್ಲಿ ಅಪ್ಪ ಮೊಮ್ಮಗಳ ಜೊತೆ ಚೌಕಾಬಾರ ಆಡುತ್ತಿದ್ದರು. ಕವಡೆ ಬೀಳುವ ಸದ್ದು, ಮಗಳು ಮೋಸ ಮಾಡಿದ್ದಕ್ಕೆ ಅಪ್ಪ ನಗುತ್ತಿದ್ದದ್ದು, ಎಲ್ಲ ಜಗಲಿಗೆ ಕೇಳುತ್ತಿತ್ತು.

"ನಿಮ್ಮಪ್ಪ ಒಳಗಿದಾರೆ ಕಣಮ್ಮ," ಎಂದರು ಮಾವನವರು ಮೆಲ್ಲಗೆ. ಆಮೇಲೆ ತಟ್ಟೆಯಿಂದ ಒಂದು ಲೋಟ ತೆಗೆದು ಬ್ಯಾಂಕಿನವರ ಕೈಗೆ ಕೊಟ್ಟು, "ಸೊಳ್ಳೇನೂ ಇಲ್ಲ ಕಣಯ್ಯ, ಕುಡಿ," ಎಂದರು.